ಕುರಿ ಹಿಡಿದದ್ದು ಯಾರು? ಕ್ಯಾಮೆರಾ ಹೇಳಿತು

ನಮ್ಮೂರು ಗುಂಡ್ಲುಪೇಟೆ ಕಡೆ, ಬಂಡೀಪುರ ಕಾಡಿನ ಅಂಚು. ನಾಲ್ಕೆಕರೆ ಬೆದ್ದಲು. ರಾಗಿ, ಹುರುಳಿ, ಜತೆಗೆ ಹದಿನೆಂಟು ಕುರಿ. 2019ರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನೋಡಿದರೆ ದೊಡ್ಡಿಯೊಳಗೆ ಎರಡು ಕುರಿ ಸತ್ತು ಬಿದ್ದಿವೆ. ಊರೆಲ್ಲ ಚಿರತೆ ಅಂತು. ನಾನೂ ಅಂದೆ. ಚಿರತೆ ಹಿಡಿದರೆ ಸರ್ಕಾರದ ಪರಿಹಾರ ಇದೆ ನೋಡಿ.

ಕಾಡಲ್ಲಿ ಹುಲಿ ಎಣಿಕೆಗೆ ಕ್ಯಾಮೆರಾ ಕಟ್ಟೋ ಹುಡುಗರ ಜತೆ ನಾನು ಹಿಂದೊಮ್ಮೆ ಕೂಲಿಗೆ ಹೋಗಿದ್ದೆ. ಅವರಲ್ಲೊಬ್ಬ ಬಂದು, "ಯಜಮಾನ್ರೇ, ಹೆಜ್ಜೆ ಸರಿಯಾಗಿ ಮೂಡಿಲ್ಲ, ಒಂದು ಕ್ಯಾಮೆರಾ ಕಟ್ಟಿ ನೋಡೋಣ" ಅಂದ.

ಈ ಕ್ಯಾಮೆರಾ ಒಂದು ಪುಟ್ಟ ಡಬ್ಬಿ. ಸುತ್ತಲಿನದಕ್ಕಿಂತ ಬೇರೆ ಬಿಸಿಯ ಮೈ ಎದುರಿಗೆ ಅಲುಗಾಡಿದರೆ ಅದಕ್ಕೆ ಗೊತ್ತಾಗಿ ತಾನೇ ಫೋಟೋ ಹೊಡೀತದೆ, ತಾರೀಕು ಗಂಟೆ ಸಮೇತ. ಮೊಣಕಾಲೆತ್ತರಕ್ಕೆ ಕಟ್ಟಬೇಕು. ಎದುರಿನ ಹುಲ್ಲು ಸವರಲೇಬೇಕು. ಇಲ್ಲದಿದ್ದರೆ ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಆಡಿ, ಬರೀ ಹುಲ್ಲಿನದೇ ಸಾವಿರ ಫೋಟೋ ಬರ್ತವೆ.

ಹುಲಿಗೆ ಮಾತ್ರ ದಾರಿಯ ಎರಡೂ ಬದಿ ಒಂದೊಂದು ಕಟ್ತಾರೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಅದೇ ಹುಲಿಯ ಎಡಮೈ ಪಟ್ಟೆಯೂ ಬಲಮೈಯದ್ದೂ ಬೇರೆ. ಹಿಂದೆ ಹೆಜ್ಜೆ ಗುರುತು ನೋಡಿ ಎಣಿಸುತ್ತಿದ್ದರು. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಕ್ಯಾಮೆರಾ ಲೆಕ್ಕ ಬೆಳೆಸಿದರು.

ಎಲ್ಲ ಹುಲಿಯೂ ಫೋಟೋಗೆ ಸಿಕ್ಕೋದಿಲ್ಲವಲ್ಲ, ಲೆಕ್ಕ ಹೇಗೆ ಅಂತ ನಾನೂ ಕೇಳಿದೆ. ಕುರಿಮಂದೆ ಅಂದ್ಕೊಳ್ಳಿ. ಇವತ್ತು 20 ಕುರಿ ಹಿಡಿದು ಕೆಮ್ಮಣ್ಣು ಬಳಿದು ಮಂದೆಗೆ ಬಿಟ್ಟಿರಿ. ನಾಳೆ ಕಂಡ ಕಂಡ 20 ಹಿಡಿದರೆ ಅದರಲ್ಲಿ 5ಕ್ಕೆ ಕೆಮ್ಮಣ್ಣಿದೆ, ಅಂದರೆ ನಾಲ್ಕರಲ್ಲಿ ಒಂದಕ್ಕೆ. ಹಾಗಾದರೆ ಮಂದೆ ಸುಮಾರು 80. ಹುಲಿಗೆ ಕೆಮ್ಮಣ್ಣು ಬೇಡ, ಪಟ್ಟೆಯೇ ಗುರುತು. 2018ರ ಎಣಿಕೆಗೆ ದೇಶದಲ್ಲಿ 26,838 ಕಡೆ ಕ್ಯಾಮೆರಾ ಇಟ್ಟಿದ್ದರು. ಕರ್ನಾಟಕಕ್ಕೆ ಬಂದ ಲೆಕ್ಕ 524 ಹುಲಿ. 2022ರಲ್ಲಿ 563.

ಸದ್ದು ಹಿಡಿಯುವ ಡಬ್ಬಿಯೂ ಇದೆ. ಕಪ್ಪೆ, ಹಕ್ಕಿ, ಬಾವಲಿ, ಕಾಡಲ್ಲಿ ಹೊಡೆದ ಕೋವಿ, ಎಲ್ಲ ಅದರಲ್ಲಿ ದಾಖಲಾಗ್ತದೆ. ಆನೆ ನಮ್ಮ ಕಿವಿಗೆ ನಿಲುಕದಷ್ಟು ತಗ್ಗಿದ ದನಿಯಲ್ಲೂ ಗುಡುಗುಟ್ತದೆ. ಕಣ್ಣಿಗೆ ಏನೂ ಕಾಣದ ಮಧ್ಯ ಆಫ್ರಿಕಾದ ಕಾಡಲ್ಲಿ ಆ ದನಿ ಹಿಡಿದೇ ಆನೆಗಳ ಓಡಾಟ ತಿಳೀತಾರೆ. ನಮ್ಮ ಹೊಲಕ್ಕೆ ಬರೋ ಆನೆ ಮೊದಲೇ ಹೀಗೆ ಗೊತ್ತಾದರೆ ಅಟ್ಟಣೆ ಮೇಲೆ ನಿದ್ದೆಗೆಡೋದು ತಪ್ಪೀತು.

ದೊಡ್ಡಿ ಮಾತಿಗೆ ಬರ್ತೀನಿ. ಎರಡನೇ ರಾತ್ರಿ ಚಿರತೆ ಬೇಲಿ ಪಕ್ಕದಲ್ಲೇ ಹೋಗಿತ್ತು, ಒಳಗೆ ಬರಲಿಲ್ಲ. ನಾಲ್ಕನೇ ರಾತ್ರಿ ಮೂರು ನಾಯಿ ಬೇಲಿ ಬುಡ ಕೆರೆದು ನುಗ್ಗಿ ಇನ್ನೊಂದು ಕುರಿ ಕೊಂದವು. ಒಂದು ನಮ್ಮ ಬೀದಿಯದೇ. ನಾಯಿ ಕೊಂದದ್ದಕ್ಕೆ ನನಗೆ ಪರಿಹಾರ ಸಿಗಲಿಲ್ಲ. ಮೊದಲ ಎರಡಕ್ಕೂ ಅರ್ಜಿ ನಿಲ್ಲಲಿಲ್ಲ. ಅವನ್ನು ಚಿರತೆಯೇ ಹಿಡಿದಿರಬಹುದು ಅಂತ ನನಗೆ ಇವತ್ತಿಗೂ ಅನುಮಾನ. ಆದರೆ ಮೊದಲ ರಾತ್ರಿ ಕ್ಯಾಮೆರಾ ಇರಲಿಲ್ಲವಲ್ಲ. ಕಟ್ಟಿಸ್ಕೊಂಡು ಕೆಟ್ಟೆ ಅಂತ ಮನೆಯವಳು ವಾರ ಬೈದಳು.

ಕಾಡಿನ ಕ್ಯಾಮೆರಾಲಿ ಸೌದೆಗೆ ಹೋಗೋ ಹೆಂಗಸರ ಫೋಟೋನೂ ಬೀಳ್ತದೆ. ಅದನ್ನ ಏನು ಮಾಡ್ತೀರಿ ಅಂತ ಊರವರು ಕೇಳಿದ್ದು ಸರಿಯೇ. ಕಟ್ಟೋ ಮೊದಲೇ ಊರಲ್ಲಿ ಕೂತು ಮಾತಾಡಿದರೆ ಯಾರೂ ಡಬ್ಬಿ ಒಡೆಯೋದಿಲ್ಲ.

ದೊಡ್ಡಿಗೆ ಈಗ ಬೇಲಿ ಬುಡದಲ್ಲಿ ಮೊಳದಾಳ ಕಲ್ಲು ಹೂತಿದ್ದೀನಿ, ಮೇಲೆ ಜಾಲಿಮುಳ್ಳು. ಆಮೇಲೆ ಕುರಿ ಹೋಗಿಲ್ಲ.