ಬಾಕಿ ವಸೂಲಿಯ ಹಿಂದಿನ ಮನೋವ್ಯಾಪಾರ

ಬನಶಂಕರಿಯ ಸಣ್ಣ ಉದ್ದಿಮೆದಾರರೊಬ್ಬರ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ಒಂದು ಸಂಗತಿ ಗಮನಕ್ಕೆ ಬಂದಿತು. ಜುಲೈ ತಿಂಗಳಿನಲ್ಲಿ ಕಳುಹಿಸಿದ ಸರಕಿನ ಹಣ ಮಾರ್ಚ್ ಕೊನೆಯ ವಾರದಲ್ಲಿ ಜಮೆಯಾಗಿತ್ತು. ಹೆಚ್ಚಿನ ಗ್ರಾಹಕರದೂ ಇದೇ ರೀತಿ. ಅಷ್ಟೂ ತಿಂಗಳು ಅವರು ಬ್ಯಾಂಕಿಗೆ ಬಡ್ಡಿ ತೆತ್ತಿದ್ದರು. "ಕೊಳ್ಳುವವರೆಲ್ಲ ಕೆಟ್ಟವರೇ ಸಾರ್?" ಎಂಬುದು ಅವರ ಪ್ರಶ್ನೆ.

ಸಮಾಜವಿಜ್ಞಾನ ಇಂತಹ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳುತ್ತದೆ. ಮನುಷ್ಯ ಒಳ್ಳೆಯವನೇ ಕೆಟ್ಟವನೇ ಎಂಬುದಕ್ಕಿಂತ, ಯಾವ ಘಳಿಗೆಯಲ್ಲಿ ಯಾವ ಕಾರಣ ಅವನ ನಿರ್ಧಾರವನ್ನು ಬದಲಿಸುತ್ತದೆ ಎಂಬುದೇ ಅಲ್ಲಿ ಮುಖ್ಯ.

ಇದಕ್ಕೆ ನಮ್ಮ ನಗರದಲ್ಲಿಯೇ ಉದಾಹರಣೆಗಳಿವೆ. 2008ರ ಅಕ್ಟೋಬರ್‌ನಿಂದ ಆರು ತಿಂಗಳು ಇನ್ಫೋಸಿಸ್ ಸಂಸ್ಥೆಯ ಬೆಂಗಳೂರು ಆವರಣದ ಸುಮಾರು 14,000 ಉದ್ಯೋಗಿಗಳ ಮೇಲೆ ಸ್ಟ್ಯಾನ್‌ಫರ್ಡ್ ಸಂಶೋಧಕರು ಪ್ರಯೋಗವೊಂದನ್ನು ನಡೆಸಿದರು. ದಟ್ಟಣೆಗೆ ಮೊದಲೇ ಬಂದವರಿಗೆ ಅಂಕಗಳು. ಅಂಕಗಳ ಆಧಾರದ ಮೇಲೆ ವಾರಕ್ಕೊಮ್ಮೆ ಚೀಟಿ ಎತ್ತಿ ನಗದು ಬಹುಮಾನ. ಬೇಗ ಬರುವವರ ಸಂಖ್ಯೆ ಇಮ್ಮಡಿಯಾಯಿತು. ಬೆಳಗಿನ ಸರಾಸರಿ ಪ್ರಯಾಣ 71 ನಿಮಿಷದಿಂದ 54ಕ್ಕೆ ಇಳಿಯಿತು. ಎಲ್ಲರಿಗೂ ಹಂಚಿದರೆ ಪುಡಿಗಾಸಾಗುವ ಹಣ, ಬಹುಮಾನದ ರೂಪ ತಳೆದಾಗ ಜನರನ್ನು ಸೆಳೆಯಿತು. ಸಣ್ಣ ಸಂಭವಕ್ಕೆ ಮನಸ್ಸು ಹೆಚ್ಚಿನ ತೂಕ ಕೊಡುತ್ತದೆಂದು ಕಾಹ್ನೆಮನ್ ಮತ್ತು ಟ್ವರ್ಸ್ಕಿ 1979ರಲ್ಲಿಯೇ ಹೇಳಿದ್ದರು.

ಗೇಬ್ರಿಯಲ್ ಕ್ರೈಂಡ್ಲರ್ ಎಂಬ ಅರ್ಥಶಾಸ್ತ್ರಜ್ಞರು ಬೆಂಗಳೂರಿನ ವಾಹನ ಸವಾರರ ಮೊಬೈಲ್ ಫೋನ್ ಮೂಲಕ ನಡೆಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ದಟ್ಟಣೆಯ ವೇಳೆಗೆ ಶುಲ್ಕ ವಿಧಿಸಿದಾಗ ಜನರು ಬೆಳಿಗ್ಗೆ ಬೇಗ ಹೊರಟರು. ಆದರೆ ಇಡೀ ನಗರಕ್ಕೆ ಆಗುವ ಲಾಭ ಅಲ್ಪವೆಂದು ಅವರ ಲೆಕ್ಕ ತೋರಿಸಿತು. ವ್ಯಕ್ತಿಯ ನಡವಳಿಕೆ ಬದಲಾದ ಮಾತ್ರಕ್ಕೆ ಉದ್ದೇಶ ಈಡೇರುವುದಿಲ್ಲ ಎಂಬುದು ಇದರ ಪಾಠ.

ಈಗ ನಮ್ಮ ಬಾಕಿಯ ವಿಷಯ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯಂತೆ ಲಿಖಿತ ಒಪ್ಪಂದವಿದ್ದರೂ ಪಾವತಿಗೆ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ನೋಂದಾಯಿತ ಕಿರು ಮತ್ತು ಸಣ್ಣ ತಯಾರಕರಿಗೆ ಈ ಅವಧಿಯೊಳಗೆ ಹಣ ಕೊಡದಿದ್ದರೆ, ಕೊಟ್ಟ ವರ್ಷದಲ್ಲಿ ಮಾತ್ರ ಆ ವೆಚ್ಚಕ್ಕೆ ಆದಾಯ ತೆರಿಗೆಯಲ್ಲಿ ಕಡಿತವೆಂದು 2023ರ ಹಣಕಾಸು ಕಾಯಿದೆ ವಿಧಿಸಿತು. ಗಮನಿಸಿರಿ: ಜುಲೈ ಬಿಲ್ಲನ್ನು ಮಾರ್ಚ್ 31ರೊಳಗೆ ಪಾವತಿಸಿದರೂ ಕೊಳ್ಳುವವನಿಗೆ ಅದೇ ವರ್ಷ ಕಡಿತ ದೊರೆಯುತ್ತದೆ. ತೆರಿಗೆಯ ಬಿಸಿ ತಟ್ಟುವುದು ವರ್ಷಾಂತ್ಯಕ್ಕೆ; ಆದುದರಿಂದ ಹಣ ಬರುವುದೂ ವರ್ಷಾಂತ್ಯಕ್ಕೆ. ವಿಳಂಬಕ್ಕೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯ ಹಕ್ಕು ಇದ್ದರೂ, ಮುಂದಿನ ಆರ್ಡರ್ ಕೈತಪ್ಪೀತೆಂಬ ಭಯದಿಂದ ಮಾರುವವರು ಅದನ್ನು ಕೇಳುವುದಿಲ್ಲ. ಕಾಯಿದೆ ಎರಡೂ ಕಡೆಯ ಮನಸ್ಸನ್ನು ಪೂರ್ಣವಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಆದುದರಿಂದ ಒತ್ತಡವು ಗಡುವಿನ ದಿನವೇ ಬೀಳುವಂತೆ ನಾವು ವ್ಯವಸ್ಥೆ ಮಾಡಿಕೊಳ್ಳಬೇಕು. ಬಿಲ್ಲಿನಲ್ಲಿ "45 ದಿನ" ಎನ್ನುವ ಬದಲು ಪಾವತಿಯ ತಾರೀಖನ್ನೇ ನಮೂದಿಸಿ, ಉದ್ಯಮ್ ಸಂಖ್ಯೆಯನ್ನೂ ಮುದ್ರಿಸಿರಿ. ಗಡುವಿಗೆ ಐದು ದಿನ ಮೊದಲೇ ನೆನಪಿಸಿರಿ. ಬಾಕಿ ದೃಢೀಕರಣ ಪತ್ರವನ್ನು ಮಾರ್ಚ್‌ವರೆಗೆ ಕಾಯದೆ ಮೂರು ತಿಂಗಳಿಗೊಮ್ಮೆ ಕಳುಹಿಸಿರಿ. ಮೊದಲು ಹತ್ತು ಗ್ರಾಹಕರಿಗೆ ಈ ಕ್ರಮ, ಇನ್ನು ಹತ್ತು ಮಂದಿಗೆ ಹಳೆಯ ಕ್ರಮವಿರಲಿ. ಆರು ತಿಂಗಳ ನಂತರ ಎರಡೂ ಖಾತೆಗಳನ್ನು ಹೋಲಿಸಿರಿ. ಗ್ರಾಹಕರ ಸ್ವಭಾವದ ಬಗ್ಗೆ ನಾವು ಆಡಿಕೊಳ್ಳುವ ಮಾತಿಗಿಂತ ಆ ಎರಡು ಮೊತ್ತಗಳೇ ಹೆಚ್ಚು ನಂಬಲರ್ಹ.