ಗೇರ್ ಬೀಳದಿದ್ದರೆ ಕಂಪ್ಯೂಟರನ್ನೇ ಬದಲಿಸಬೇಕೆ?

2014ರಲ್ಲಿ ಮಾರುತಿ ಸುಜುಕಿಯ ಸೆಲೆರಿಯೊ ಬಂದ ಬಳಿಕ, ಕ್ಲಚ್ ಪೆಡಲ್ ಇಲ್ಲದ ಕಾರು ಮಧ್ಯಮ ವರ್ಗದ ಕುಟುಂಬಗಳಿಗೂ ಎಟುಕಿತು. ಇಂತಹ ಕಾರುಗಳಲ್ಲಿ ಗೇರ್ ಬದಲಿಸಲು ಆಜ್ಞೆ ನೀಡುವುದು ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್ ಎಂಬ ಪುಟ್ಟ ಕಂಪ್ಯೂಟರು. ವಾಹನದ ವೇಗವನ್ನೂ ಆಕ್ಸಿಲರೇಟರ್ ಒತ್ತಿದ ಪ್ರಮಾಣವನ್ನೂ ಸೆನ್ಸರುಗಳಿಂದ ಅರಿತು ಅದು ನಿರ್ಧರಿಸುತ್ತದೆ.

ಅದು ಕೆಟ್ಟರೆ ಕಾರು ಒಂದೇ ಗೇರಿನಲ್ಲಿ ನಿಲ್ಲಬಹುದು, ಜಗ್ಗಬಹುದು, ಎಚ್ಚರಿಕೆಯ ದೀಪ ಉರಿಯಬಹುದು. ಚಿಂಚೋಳಿಯಿಂದ ಸೇಡಂಗೆ ಮಕ್ಕಳು, ಹಿರಿಯರೊಂದಿಗೆ ಹೊರಟಾಗ ಹೀಗಾದರೆ ಬಲವಂತದಿಂದ ಓಡಿಸದೆ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸುವುದೇ ಲೇಸು.

ಆದರೆ ದುರ್ಬಲ ಬ್ಯಾಟರಿ, ಸಡಿಲವಾದ ಅರ್ಥ್ ವೈರು, ಕೆಟ್ಟ ಸೆನ್ಸರು ಸಹ ಇವೇ ಲಕ್ಷಣಗಳನ್ನು ತೋರುತ್ತವೆ. ಶಹಾಬಾದದ ಫರ್ಸಿಕಲ್ಲು, ವಾಡಿಯ ಸಿಮೆಂಟು, ಚಿತ್ತಾಪುರದ ಮಣ್ಣುದಾರಿಗಳ ಧೂಳಿನೊಡನೆ ಮಳೆಯ ತೇವ ಸೇರಿ ಕನೆಕ್ಟರಿನ ಪಿನ್ನುಗಳು ಕಿಲುಬು ಹಿಡಿದರೂ ಹಾಗೆಯೇ. ಇವನ್ನು ಪರೀಕ್ಷಿಸದೆ ಮಾಡ್ಯೂಲ್ ಕೊಂಡರೆ ಹಣವೂ ಹೋದೀತು, ದೋಷವೂ ಉಳಿದೀತು. ಆದುದರಿಂದ ಮೊದಲು ಸ್ಕ್ಯಾನರಿನಿಂದ ದೋಷದ ಕೋಡ್ ಓದಿಸಿ, ಅದನ್ನು ಬರೆದು ಕೊಡುವಂತೆ ಕೇಳಬೇಕು.

ಬದಲಿಸುವುದು ಅನಿವಾರ್ಯವಾದರೆ ಬಿಡಿಭಾಗದ ಸಂಖ್ಯೆ ತಾಳೆಯಾಗಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಬೇಕು. ಸಾಮಾನ್ಯವಾಗಿ ಹೊಸ ಮಾಡ್ಯೂಲಿಗೆ ಆ ಕಾರಿನದೇ ಸಾಫ್ಟ್‌ವೇರ್ ತುಂಬಿ, ಕ್ಲಚ್ ಹಾಗೂ ಗೇರುಗಳ ಸ್ಥಾನವನ್ನು ಅದಕ್ಕೆ ಕಲಿಸಬೇಕಾಗುತ್ತದೆ. ಬೇರೆ ಕಾರಿನಿಂದ ತೆಗೆದ ಹಳೆಯದನ್ನು ಕೂಡಿಸಿದ ಮಾತ್ರಕ್ಕೆ ಅದು ಹೊಂದಿಕೊಳ್ಳದೆ ಹೋಗಬಹುದು. ಓಡಿಸಿ ನೋಡಿ, ಕೋಡ್ ಮತ್ತೆ ಬಾರದಿರುವುದನ್ನು ಖಚಿತಪಡಿಸಿಕೊಂಡು, ರಸೀದಿ ಪಡೆದ ನಂತರವೇ ಹಣ ಕೊಡಿರಿ.