ಚೆಂಡು ನಿಂತಲ್ಲೇ ಇದೆ, ನಮಗೇಕೆ ಅವಸರ?

ಬೆಂಗಳೂರಿನ ಬೀದಿಯಲ್ಲಿ ಟೆನಿಸ್ ಬಾಲಿಗೆ ಬ್ಯಾಟು ಬೀಸಿ ಬೆಳೆದವನು ನಾನು. ದೋಹಾದಲ್ಲಿ ಐವತ್ತರ ಹೊಸ್ತಿಲಲ್ಲಿ ಗೆಳೆಯರ ಒತ್ತಾಯಕ್ಕೆ ಗಾಲ್ಫ್ ಕೋಲು ಹಿಡಿದೆ. ನಿಂತ ಚೆಂಡಿಗೆ ಹೊಡೆಯುವುದರಲ್ಲಿ ಏನು ಮಹಾ ಎಂಬ ಜಂಬ ಬೇರೆ! ಮೂರನೆಯ ವಾರ, ಡ್ರೈವಿಂಗ್ ರೇಂಜಿನಲ್ಲಿ ನೂರಕ್ಕೂ ಹೆಚ್ಚು ಚೆಂಡು ಬಡಿದ ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ. "ರೀ, ರೋಗಿಗಳಿಗೆಲ್ಲ ಬೆನ್ನು ಜೋಪಾನ ಅಂತೀರಿ. ಈಗ ನಿಮ್ಮ ಷೂ ಲೇಸು ನಾನು ಕಟ್ಟಬೇಕು" ಎಂದಳು ನನ್ನಾಕೆ. ಕಟ್ಟಿದಳು ಕೂಡ, ಹತ್ತು ದಿನ.

ಆ ಹತ್ತು ದಿನಗಳಲ್ಲಿ ಎಂ.ಬಿ.ಬಿ.ಎಸ್. ಮೊದಲ ವರ್ಷದ ಅನಾಟಮಿ ಪಾಠ ಮತ್ತೆ ನೆನಪಾಯಿತು. ನಮ್ಮ ಸೊಂಟದ ಭಾಗದ ಬೆನ್ನುಮೂಳೆ ಒಂದು ಬದಿಗೆ ತಿರುಗುವುದು ಹತ್ತು ಡಿಗ್ರಿಯ ಆಸುಪಾಸು ಮಾತ್ರ. ಎದೆಭಾಗದ ಬೆನ್ನುಮೂಳೆ ಮೂವತ್ತು ಡಿಗ್ರಿ ದಾಟುತ್ತದೆ. ಉಳಿದ ತಿರುವನ್ನು ತೊಡೆಯ ಕೀಲುಗಳು ಕೊಡಬೇಕು. ಕಾರು, ಕುರ್ಚಿ, ಸೋಫಾ ಎಂದು ದಿನವಿಡೀ ಕೂತೇ ಇರುವ ನಮ್ಮಂಥವರಲ್ಲಿ ಆ ಕೀಲುಗಳು ಬಿಗಿದಿರುತ್ತವೆ. ಆಗ ಅವುಗಳ ಕೆಲಸವೂ ಪಾಪದ ಸೊಂಟದ ತಲೆಯ ಮೇಲೆ. ಹವ್ಯಾಸಿ ಗಾಲ್ಫ್ ಆಟಗಾರರಲ್ಲಿ ಸೊಂಟನೋವು ಇಷ್ಟು ಸಾಮಾನ್ಯವಾಗಲು ಇದೊಂದು ಮುಖ್ಯ ಕಾರಣ.

ನೀವೇ ಪರೀಕ್ಷಿಸಿಕೊಳ್ಳಿ. ಕುರ್ಚಿಯಲ್ಲಿ ಕುಳಿತು, ಮೊಣಕಾಲು ಕದಲಿಸದೆ ಎಡ ಪಾದವನ್ನು ಹೊರಕ್ಕೆ ಸರಿಸಿ. ಮೂವತ್ತು ಡಿಗ್ರಿಯೂ ಹೋಗದಿದ್ದರೆ ಬಲಗೈ ಆಟಗಾರರು ನಿಲ್ಲುವಾಗ ಎಡಪಾದದ ತುದಿಯನ್ನು ಗುರಿಯ ಕಡೆಗೆ ಸ್ವಲ್ಪ ತಿರುಗಿಸಿಕೊಳ್ಳಲಿ. ಕೋಲು ಹಿಂದಕ್ಕೆ ಹೋಗುವಾಗ ಎಡ ಹಿಮ್ಮಡಿ ಚೂರು ಮೇಲೆದ್ದರೂ ತಪ್ಪಲ್ಲ. ಟಿ.ವಿ.ಯಲ್ಲಿ ಕಾಣುವ ಇಪ್ಪತ್ತೈದರ ಹುಡುಗನಂತೆ ಪಾದ ನೆಟ್ಟು ತಿರುಚಿಕೊಳ್ಳುವುದು ನಮ್ಮ ವಯಸ್ಸಿಗಲ್ಲ.

ಇನ್ನು ಕ್ರಿಕೆಟ್ಟಿನ ಶಾಪ. ಚೆಂಡು ಕಂಡೊಡನೆ ಬಲಭುಜ ಮುನ್ನುಗ್ಗುತ್ತದೆ, ಕೈಗಳು ಎಳೆಯುತ್ತವೆ. ಕೋಲು ಹೊರಗಿನಿಂದ ಒಳಕ್ಕೆ ಕೊಯ್ಯುತ್ತ ಬರುತ್ತದೆ, ಅದರ ಮುಖ ತೆರೆದೇ ಇರುತ್ತದೆ. ಚೆಂಡು ಬಲಕ್ಕೆ ಕುಡುಗೋಲಿನಂತೆ ಬಾಗಿ ಮರಳಿಗೆ ಬೀಳುತ್ತದೆ. ಇದೇ ಸ್ಲೈಸ್. ಇದಕ್ಕೆ ಮದ್ದು ಹೇಳಿದವರು ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಸಿಕ್ಕ ಹಿರಿಯ ಕ್ಯಾಡಿಯೊಬ್ಬರು. "ಡಾಕ್ಟ್ರೇ, ಬಾಲು ಎಲ್ಲೂ ಓಡೋಗಲ್ಲ ಸಾರ್. ಮಜ್ಜಿಗೆ ಕಡ್ದಂಗೆ ತಿರುಗಿ, ಸೌದೆ ಒಡ್ದಂಗಲ್ಲ."

ಎಷ್ಟು ಸರಿ! ಕಡಗೋಲು ಒಂದೇ ಅಕ್ಷದ ಮೇಲೆ ತಿರುಗುತ್ತದೆ. ಕೆಳಕ್ಕೆ ಬರುವಾಗ ಮೊದಲು ದೇಹದ ಭಾರ ಎಡಗಾಲಿಗೆ, ನಂತರ ಸೊಂಟ, ಎದೆ, ಕಡೆಗೆ ಕೈ. ನಾವು ಕೈಯಿಂದಲೇ ಶುರು ಮಾಡುತ್ತೇವೆ. ಕ್ಯಾಡಿಗಳ ಮಾತೆಂದು ಹಗುರವಾಗಿ ಕಾಣಬೇಡಿ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದವರೇ. ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ನಮ್ಮ ಅದಿತಿ ಅಶೋಕ್ ಕೂಡ ದೂರ ಹೊಡೆಯುವುದಕ್ಕಲ್ಲ, ನಿಖರತೆಗೆ ಹೆಸರಾದವರು.

ಹಿಡಿತದ ಬಗ್ಗೆ ನನ್ನದೊಂದು ಮಾತು. ನಾಡಿ ನೋಡುವಾಗ ಬೆರಳು ಬಿಗಿಯಾದರೆ ನಾಡಿಯೇ ಸಿಗದು, ಸಡಿಲವಾದರೂ ಸಿಗದು. ಕೋಲನ್ನೂ ಅಷ್ಟೇ ಹದವಾಗಿ ಹಿಡಿಯಿರಿ. ಉಕ್ಕಿನ ಹಿಡಿತದವರು ಮೊಣಕೈ ನೋವೆಂದು ನನ್ನ ಬಳಿಯೇ ಬರುತ್ತಾರೆ. ವೇಗವನ್ನು ಮನಸ್ಸಿನಲ್ಲೇ ಎಣಿಸಿ: ಹಿಂದಕ್ಕೆ ಮೂರು, ಕೆಳಕ್ಕೆ ಒಂದು. ಮೊದಲ ಒಂದು ತಿಂಗಳು ಡ್ರೈವರ್ ಮುಟ್ಟದೆ ಏಳನೇ ನಂಬರಿನ ಐರನ್ ಸಾಕು, ಅದೂ ಅರ್ಧ ಸ್ವಿಂಗಿನಲ್ಲಿ, ಐವತ್ತು ಚೆಂಡು ಮೀರದಂತೆ. ಅದಕ್ಕೂ ಮೊದಲು ಹತ್ತು ನಿಮಿಷ ಮೈ ಬಿಸಿಮಾಡಿಕೊಳ್ಳಿ.

ನಮ್ಮ ಕತಾರಿನಲ್ಲಿ ಗಾಳಿಯ ಕಾಟವೂ ಉಂಟು. ಶಮಾಲ್ ಎದುರಿಗೆ ಬೀಸುವಾಗ ಜೋರಾಗಿ ಹೊಡೆದಷ್ಟೂ ಚೆಂಡು ಹೆಚ್ಚು ಸುತ್ತು ಪಡೆದು ಮೇಲೇರಿ ಅಲ್ಲೇ ಬೀಳುತ್ತದೆ. ಒಂದು ನಂಬರು ದೊಡ್ಡ ಕೋಲು ತೆಗೆದುಕೊಂಡು ಮೆಲ್ಲಗೆ ಬೀಸಿ. 1998ರಿಂದ ಕತಾರ್ ಮಾಸ್ಟರ್ಸ್ ನಡೆಯುತ್ತಿದೆ. ಫೆಬ್ರವರಿ-ಮಾರ್ಚ್ ಹೊತ್ತಿಗೆ ದೋಹಾದಲ್ಲಿ ಈ ಪಂದ್ಯಾವಳಿ ನಡೆದಾಗಲೆಲ್ಲ ಆಟಗಾರರು ಗಾಳಿಗೆ ಹೇಗೆ ತಲೆಬಾಗುತ್ತಾರೆಂದು ಹಗ್ಗದ ಪಕ್ಕ ನಿಂತು ನೋಡಿದ್ದು ನನಗೆ ಹತ್ತು ಪಾಠಕ್ಕೆ ಸಮ. ಬೇಸಿಗೆಯಲ್ಲಂತೂ ಹಗಲಿನಲ್ಲಿ ಆಡುವ ಸಾಹಸ ಬೇಡ. ದೀಪದ ಬೆಳಕಿನಲ್ಲಿ ಆಡಿ, ಬಾಯಾರುವ ಮೊದಲೇ ನೀರು ಕುಡಿಯಿರಿ.

ನೋವು ಸೊಂಟದಿಂದ ಕಾಲಿಗಿಳಿದು ಜೋಮು ಹಿಡಿದರೆ ಮಾತ್ರ ಕೋಲು ಕೆಳಗಿಟ್ಟು ವೈದ್ಯರನ್ನು ಕಾಣಿ. ಮೂತ್ರ ಹಿಡಿತ ತಪ್ಪಿದರೆ ಅಥವಾ ಕಾಲು ಬಲಗುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕಳೆದ ಚಳಿಗಾಲದಿಂದ ನನ್ನಾಕೆಯೂ ಶುಕ್ರವಾರ ಬೆಳಿಗ್ಗೆ ನನ್ನೊಂದಿಗೆ ಬರುತ್ತಾಳೆ. ಅವಳ ಚೆಂಡು ನನ್ನದಕ್ಕಿಂತ ನೆಟ್ಟಗೆ ಹೋಗುತ್ತದೆ. ಅವಳಿಗೆ ಕ್ರಿಕೆಟ್ ಬಾರದು, ಮಜ್ಜಿಗೆ ಕಡೆಯಲು ಬರುತ್ತದೆ. ಷೂ ಲೇಸನ್ನು ಮಾತ್ರ ಈಗ ನಾನೇ ಕಟ್ಟಿಕೊಳ್ಳುತ್ತಿದ್ದೇನೆ.